ಕಾಣುವುದು ಯಾರ ಕಣ್ಣಿಗೆ?

ಕಳೆದ ದಸರೆಯ ರಜೆಯಲ್ಲಿ ಮೊಮ್ಮಗನು ‘ಬಾಲ್ಡರ್ಸ್ ಗೇಟ್ 3’ ಎಂಬ ಕಂಪ್ಯೂಟರ್ ಆಟದಲ್ಲಿ ಮುಳುಗಿದ್ದನು. ಬೆಲ್ಜಿಯಂ ದೇಶದ ಲಾರಿಯನ್ ಸ್ಟುಡಿಯೋಸ್ 2023ರಲ್ಲಿ ಹೊರತಂದ, ಪಾತ್ರ ವಹಿಸಿ ಆಡುವ ಆಟವದು. ಕುತೂಹಲದಿಂದ ನಾನೂ ಪಕ್ಕದಲ್ಲಿ ಕುಳಿತೆನು.

ಆಟಗಾರನು ನಾಲ್ವರ ತಂಡವೊಂದನ್ನು ನಡೆಸುತ್ತಾನೆ. ಗುಪ್ತವಾದ ಬಲೆಯೊಂದರ ಬಳಿ ಬಂದೊಡನೆ ಇಪ್ಪತ್ತು ಮುಖಗಳ ದಾಳವು ಪಾತ್ರಗಳ ಪರವಾಗಿ ತಾನಾಗಿಯೇ ಉರುಳುತ್ತದೆ. ದಾಳದ ಸಂಖ್ಯೆಗೆ ಆಯಾ ಪಾತ್ರದ ಗ್ರಹಣಶಕ್ತಿಯ ಅಂಕ ಸೇರುತ್ತದೆ. ಮೊತ್ತ ಸಾಕಷ್ಟಾದರೆ ಬಲೆಯು ತೆರೆಯ ಮೇಲೆ ಗೋಚರಿಸುತ್ತದೆ. ಇಲ್ಲವಾದರೆ ನೆಲವು ಬರಿಯ ನೆಲವಾಗಿಯೇ ಉಳಿಯುತ್ತದೆ. ನೋಟವೇ ಪಾತ್ರದ ಯೋಗ್ಯತೆಗೆ ಒಳಪಟ್ಟಿರುವ ಈ ಕಲ್ಪನೆ ನನಗೆ ಬಹಳ ಹಿಡಿಸಿತು.

ಆದರೆ ಒಂದು ಕೊರತೆಯನ್ನೂ ಕಂಡೆನು. ದಾಳ ಸೋತಾಗ ಸೋಲಿನ ಗುರುತೂ ತೆರೆಯ ಮೇಲೆ ಮೂಡುತ್ತದೆ. “ಅಜ್ಜ, ಇಲ್ಲೇನೋ ಇದೆ, ಕಾಣಿಸ್ತಿಲ್ಲ ಅಷ್ಟೇ” ಎಂದು ಮೊಮ್ಮಗ ಜಾಗರೂಕನಾದನು. ಕಾಣದವನಿಗೆ ತನಗೆ ಕಾಣುತ್ತಿಲ್ಲವೆಂಬುದು ತಿಳಿದಿರುವುದುಂಟೇ?

ಏಳನೆಯ ತರಗತಿಯ ಹಿಂದಿನ ಬೆಂಚಿನಲ್ಲಿ ನನಗೊಬ್ಬ ಶಿಷ್ಯನಿದ್ದನು. ಕರಿಹಲಗೆಯ ಲೆಕ್ಕವನ್ನು ಬಿಟ್ಟು ಪಕ್ಕದವನ ಪುಸ್ತಕವನ್ನೇ ನೋಡಿ ಬರೆಯುತ್ತಿದ್ದನು. ಕಾಪಿ ಹೊಡೆಯುವ ಸೋಮಾರಿಯೆಂದು ಬಗೆದು ಅವನನ್ನು ಎಷ್ಟೋ ದಿನ ನಿಲ್ಲಿಸಿದೆನು. ಮರುವರ್ಷ ಕನ್ನಡಕ ಬಂದ ಮೇಲೆ ಅವನು, “ಸಾರ್, ಎಲ್ಲರಿಗೂ ಹಲಗೆ ಹಾಗೇ ಮಸುಕಾಗಿ ಕಾಣುತ್ತೆ ಅಂತಿದ್ದೆ” ಎಂದನು. ಅವನಿಗೆ ಯಾವ ಗುರುತೂ ಮೂಡಿರಲಿಲ್ಲ.

ಆದುದರಿಂದ ಇಂತಹ ಆಟಗಳಲ್ಲಿ ಸೋಲಿನ ಗುರುತನ್ನು ತೆಗೆದುಹಾಕಬೇಕೆಂಬುದು ನನ್ನ ಅಭಿಪ್ರಾಯ. ಮಂದದೃಷ್ಟಿಯ ಪಾತ್ರವನ್ನು ಆರಿಸಿದವನಿಗೆ ತೆರೆಯೂ ಮಂದವಾಗಿರಲಿ; ಆಗಲೇ ಅವನು ಆ ಪಾತ್ರದೊಳಗೆ ನಿಜವಾಗಿ ಪ್ರವೇಶಿಸಿದಂತೆ. “ಹಾಗಾದರೆ ಗೊತ್ತೇ ಆಗದೆ ಸಾಯ್ತೀನಲ್ಲ, ಅದು ಅನ್ಯಾಯ” ಎಂದು ಮೊಮ್ಮಗ ವಾದಿಸಿದನು. ಆಕ್ಷೇಪಣೆ ಸರಿಯಾದುದೇ. ಆದರೆ ಉತ್ತರವೂ ಅದೇ ಆಟದಲ್ಲಿದೆ: ನಾಲ್ವರಲ್ಲಿ ಒಬ್ಬನ ಕಣ್ಣಿಗೆ ಬಿದ್ದರೂ ಸಾಕು, ಬಲೆಯು ಇಡೀ ತಂಡಕ್ಕೆ ಗೋಚರವಾಗುತ್ತದೆ. ಒಬ್ಬನ ಕೊರತೆಯನ್ನು ಜೊತೆಗಾರನ ಕಣ್ಣು ತುಂಬುತ್ತದೆ; ಅದನ್ನು ಅಲ್ಲಿ ಯಾರೂ ಕಾಪಿಯೆನ್ನುವುದಿಲ್ಲ.

ನನ್ನ ತರಗತಿಯಲ್ಲಿ ಆ ನಿಯಮವಿರಲಿಲ್ಲ. ಆ ಶಿಷ್ಯನು ಇದನ್ನು ಓದುತ್ತಿದ್ದರೆ, ಅಂದು ಕಾಣದೆ ಹೋದವನು ನಾನೇ ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಕ್ಷಮೆಯಿರಲಿ.