ಗೃಹಸ್ಥರ ಮನೆವಾರ್ತೆ: ಬಾಗಿಲ ಮುಂದಿನ ವೇಗದ ಕಾರು

ಎತ್ತನ್ನು ಕೊಳ್ಳುವಾಗ ನಮ್ಮ ಹಿರಿಯರು ಅದರ ಹಲ್ಲನ್ನು ನೋಡುತ್ತಿದ್ದರು, ಸುಳಿಯನ್ನು ನೋಡುತ್ತಿದ್ದರು, ಗೊರಸನ್ನು ಎತ್ತಿಸಿ ನೋಡುತ್ತಿದ್ದರು. ಮನೆಗೆ ತಂದ ಮೇಲೂ ಅದರ ಮೇವು, ನೀರು, ಲಾಳ ಇವುಗಳ ಚಿಂತೆ ಯಜಮಾನನಿಗೆ ದಿನದಿನವೂ ಇರುತ್ತಿತ್ತು. ಈಗ ಕೊಟ್ಟಿಗೆಯಿದ್ದ ಕಡೆಯಲ್ಲಿ ಮೋಟಾರು ಕಾರು ನಿಂತಿದೆ. ಒಂದು ಜೊತೆ ಎತ್ತಿಗಿಂತ ಎಷ್ಟೋ ಪಾಲು ಹೆಚ್ಚು ಬೆಲೆ ಕೊಟ್ಟು ತಂದ ಈ ಯಂತ್ರವನ್ನು ಬಣ್ಣ ನೋಡಿ ಕೊಂಡು, ಕೀಲಿಯನ್ನು ಮಗನ ಕೈಗೆ ಕೊಟ್ಟು, ಆಮೇಲೆ ಅದರ ಮಾತನ್ನೇ ಮರೆಯುವ ಗೃಹಸ್ಥರು ನಮ್ಮಲ್ಲಿ ಕಡಮೆಯೇನೂ ಇಲ್ಲ. ಆದುದರಿಂದ ಈ ತಿಂಗಳು ವೇಗದ ಕಾರು ಮನೆಗೆ ಬಂದರೆ ಅದನ್ನು ಹೇಗೆ ಸಾಕತಕ್ಕದ್ದು, ಕಾನೂನಿನ ಕಟ್ಟಿನೊಳಗೆ ಹೇಗೆ ಇರಿಸತಕ್ಕದ್ದು ಎಂಬ ವಿಚಾರವನ್ನು ವಾಚಕರ ಮುಂದಿಡುವೆವು.

ನಮ್ಮ ರಾಯಚೂರು ಸೀಮೆಗೆ ಮೋಟಾರು ಹೊಸದಲ್ಲ. ಈ ನಾಡು ನಿಜಾಮರ ರಾಜ್ಯಕ್ಕೆ ಸೇರಿದ್ದ ಕಾಲದಲ್ಲಿಯೇ, ೧೯೩೨ರಲ್ಲಿ, ಆ ರಾಜ್ಯದ ರೈಲ್ವೆಯವರು ೨೭ ಬಸ್ಸುಗಳಿಂದ ಸಾರಿಗೆಯನ್ನು ಆರಂಭಿಸಿದ್ದರು. ಆದರೆ ಸ್ವಂತ ಕಾರೆಂಬುದು ಬಹುಕಾಲ ಜಹಗೀರುದಾರರ ಮತ್ತು ಸಾಹುಕಾರರ ಸೊತ್ತಾಗಿತ್ತು. ೧೯೮೩ರ ಡಿಸೆಂಬರಿನಲ್ಲಿ ಮಾರುತಿ ೮೦೦ ಹೊರಬಂದ ಮೇಲೆ ಸಾಧಾರಣ ಗೃಹಸ್ಥನಿಗೂ ಕಾರಿನ ಆಸೆ ಹುಟ್ಟಿತು. ಅದರ ಬಲ ಸುಮಾರು ೪೦ ಕುದುರೆಗಳಷ್ಟು. ೨೦೧೩ರಲ್ಲಿ ಬಂದ ಫೋಕ್ಸ್‌ವ್ಯಾಗನ್ ಪೋಲೋ ಜಿ.ಟಿ. ಕಾರಿಗೆ ೧೦೫ ಕುದುರೆಗಳ ಬಲ. ೨೦೧೭ರ ಸ್ಕೋಡಾ ಆಕ್ಟೇವಿಯಾ ಆರ್.ಎಸ್. ಕಾರಿಗೆ ೨೩೦. ಇಂತಹ ಕಾರುಗಳು ಈಗ ಎರಡನೆಯ ಕೈಯ ಪೇಟೆಗೆ ಬಂದಿರುವುದರಿಂದ, ಹತ್ತಿ ಭತ್ತಗಳ ಬೆಲೆ ಚೆನ್ನಾಗಿ ಬಂದ ವರ್ಷ ಹಳ್ಳಿಯ ತರುಣನೂ ಅವನ್ನು ಕೊಳ್ಳಬಲ್ಲನು. ಆಸೆ ತಪ್ಪಲ್ಲ. ಒಳ್ಳೆಯ ಯಂತ್ರದಲ್ಲಿ ಪ್ರೀತಿಯಿಡುವುದು ಒಳ್ಳೆಯ ಕುದುರೆಯಲ್ಲಿ ಪ್ರೀತಿಯಿಟ್ಟಂತೆಯೇ. ಆದರೆ ಕುದುರೆಗೆ ಲಗಾಮು ಬೇಕೆಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಮೊದಲು ದಾರಿಯನ್ನು ನೋಡೋಣ. ನೀರಮಾನ್ವಿಯು ರಾಯಚೂರಿನಿಂದ ಮಾನ್ವಿಗೂ ಸಿಂಧನೂರಿಗೂ ಹೋಗುವ ಹೆದ್ದಾರಿಯ ಮೇಲಿರುವ ಊರು. ಸುಗ್ಗಿಯಲ್ಲಿ ಹತ್ತಿಯನ್ನು ಬೆಟ್ಟದಂತೆ ಹೇರಿದ ಟ್ರ್ಯಾಕ್ಟರುಗಳು ಹಿಂದೆ ದೀಪವಿಲ್ಲದೆ ಇದೇ ದಾರಿಯಲ್ಲಿ ಬರುವುವು. ಯಲ್ಲಮ್ಮನ ಜಾತ್ರೆಯ ದಿನಗಳಲ್ಲಿ ನಡೆದು ಬರುವ ಭಕ್ತರು, ಬಂಡಿಗಳು, ಕೂಸುಗಳನ್ನು ಎತ್ತಿಕೊಂಡ ಹೆಂಗಸರು ರಸ್ತೆಯ ಅಂಚಿನುದ್ದಕ್ಕೂ ಇರುವರು. ೨೦೨೪ರ ಸೆಪ್ಟೆಂಬರ್ ೫ರಂದು ಇದೇ ಮಾನ್ವಿ ತಾಲ್ಲೂಕಿನ ಕಪಗಲ್ಲಿನ ಬಳಿ ಶಾಲೆಯ ಬಸ್ಸಿಗೂ ಸಾರಿಗೆ ಸಂಸ್ಥೆಯ ಬಸ್ಸಿಗೂ ಡಿಕ್ಕಿಯಾಗಿ ಎರಡು ಮಕ್ಕಳು ಪ್ರಾಣ ಕಳೆದುಕೊಂಡುದನ್ನು ಈ ಕಡೆಯವರು ಮರೆತಿಲ್ಲ, ಮರೆಯಲೂ ಆರರು.

ಗಂಟೆಗೆ ೬೦ ಕಿಲೋಮೀಟರ್ ವೇಗದಲ್ಲಿರುವ ಕಾರಿನ ಚಾಲಕನು ಅಪಾಯವನ್ನು ಕಂಡು, ಒಂದು ಸೆಕೆಂಡಿನಲ್ಲಿ ಎಚ್ಚತ್ತು ಬ್ರೇಕನ್ನು ಪೂರ್ಣವಾಗಿ ಒತ್ತಿದರೆ, ಒಣ ರಸ್ತೆಯಲ್ಲಿ ಒಳ್ಳೆಯ ಟೈರುಗಳ ಮೇಲೆ ಕಾರು ನಿಲ್ಲಲು ಸುಮಾರು ೩೬ ಮೀಟರ್ ಬೇಕು. ೧೨೦ರ ವೇಗದಲ್ಲಿ ಅದಕ್ಕೆ ಸುಮಾರು ೧೧೨ ಮೀಟರ್ ಬೇಕು. ವೇಗವು ಇಮ್ಮಡಿಯಾದರೆ ಅದರೊಳಗಿನ ಶಕ್ತಿ ನಾಲ್ಮಡಿಯಾಗುವುದೇ ಇದಕ್ಕೆ ಕಾರಣ. ಕೊಂಡವನು ಎಷ್ಟೇ ಚತುರನಾಗಿರಲಿ, ಕಾರು ಎಷ್ಟೇ ಬೆಲೆಯದಾಗಿರಲಿ, ಈ ಲೆಕ್ಕವು ಯಾರಿಗೂ ರಿಯಾಯಿತಿ ಕೊಡುವುದಿಲ್ಲ. ೨೦೧೮ರ ಕೇಂದ್ರ ಸರ್ಕಾರದ ಆಜ್ಞೆಯಂತೆ ಕಾರುಗಳಿಗೆ ಎಕ್ಸ್‌ಪ್ರೆಸ್ ದಾರಿಯಲ್ಲಿ ೧೨೦, ನಡುವೆ ವಿಭಜಕವಿರುವ ನಾಲ್ಕು ಪಥಗಳ ದಾರಿಯಲ್ಲಿ ೧೦೦, ಮಿಕ್ಕ ರಸ್ತೆಗಳಲ್ಲಿ ೭೦ ಕಿಲೋಮೀಟರ್ ಪರಮಾವಧಿ ವೇಗ. ರಾಜ್ಯದವರು ಇದನ್ನು ಇನ್ನೂ ಇಳಿಸಬಹುದೇ ಹೊರತು ಏರಿಸಲಾಗದು.

ಇನ್ನು ಕೊಳ್ಳುವ ಮಾತು. ನಮ್ಮ ಜಿಲ್ಲೆ ರಾಜ್ಯದ ಗಡಿಯಲ್ಲಿದೆ. ಕೃಷ್ಣೆಯನ್ನು ದಾಟಿದರೆ ತೆಲಂಗಾಣ. ಹೈದರಾಬಾದಿನ ಪೇಟೆಯಲ್ಲಿ ವೇಗದ ಹಳೆಯ ಕಾರುಗಳು ಅಗ್ಗವಾಗಿ ದೊರೆಯುವುದನ್ನು ಕಂಡು ತರುಣರು ಅತ್ತ ಓಡುವರು. ಕೊಂಡು ತಂದು, ಆ ರಾಜ್ಯದ ಸಂಖ್ಯೆಯಲ್ಲಿಯೇ ವರ್ಷಗಟ್ಟಲೆ ಓಡಿಸುವುದೂ ಉಂಟು. ಇದು ಸಲ್ಲದು. ೧೯೮೮ರ ಮೋಟಾರು ವಾಹನ ಅಧಿನಿಯಮದ ೪೭ನೆಯ ಕಲಮಿನಂತೆ ಒಂದು ರಾಜ್ಯದಲ್ಲಿ ನೋಂದಣಿಯಾದ ಗಾಡಿಯನ್ನು ಬೇರೊಂದು ರಾಜ್ಯದಲ್ಲಿ ೧೨ ತಿಂಗಳಿಗೆ ಮೀರಿ ಇಟ್ಟುಕೊಂಡರೆ ಅಲ್ಲಿಯ ಹೊಸ ಸಂಖ್ಯೆಯನ್ನು ಪಡೆಯಲೇಬೇಕು. ಅದಕ್ಕೆ ಮೊದಲು ಮೂಲ ಕಚೇರಿಯಿಂದ ೨೮ನೆಯ ನಮೂನೆಯಲ್ಲಿ ನಿರಾಕ್ಷೇಪಣಾ ಪತ್ರವನ್ನು ತರಬೇಕು. ಮಾರಿದವನೂ ಕೊಂಡವನೂ ೨೯ ಮತ್ತು ೩೦ನೆಯ ನಮೂನೆಗಳಿಗೆ ರುಜು ಹಾಕಬೇಕು. ಆ ಬಳಿಕ ಕರ್ನಾಟಕದ ಆಜೀವ ತೆರಿಗೆಯನ್ನು ಕಟ್ಟಿದರೆ ನಮ್ಮ ರಾಯಚೂರಿನ ಕೆ.ಎ. ೩೬ ಎಂಬ ಸಂಖ್ಯೆ ದೊರೆಯುವುದು. ಈ ತೆರಿಗೆಯು ಸಣ್ಣ ಮೊತ್ತವಲ್ಲ. ಆದುದರಿಂದ ಅಗ್ಗವೆಂದು ಕೈಚಾಚುವ ಮೊದಲು ತೆರಿಗೆಯನ್ನೂ ಬೆಲೆಯೊಡನೆ ಕೂಡಿಸಿ ನೋಡತಕ್ಕದ್ದು. ಕೂಡಿಸಿದ ಮೇಲೆ ಎಷ್ಟೋ ವೇಳೆ ಅಗ್ಗವು ಅಗ್ಗವಾಗಿ ಉಳಿಯುವುದಿಲ್ಲ.

ಶ್ರೀಮಂತರಿಗೆ ಇದೊಂದೂ ತಟ್ಟದೆಂದು ಭಾವಿಸುವವರಿಗೆ ಬೆಂಗಳೂರಿನ ಉದಾಹರಣೆ ಸಾಕು. ೨೦೨೫ರ ಫೆಬ್ರವರಿಯಲ್ಲಿ ಸಾರಿಗೆ ಇಲಾಖೆಯವರು ತೆರಿಗೆ ಕಟ್ಟದೆ ತಿರುಗುತ್ತಿದ್ದ ಭಾರಿ ಬೆಲೆಯ ಕಾರುಗಳನ್ನು ಹಿಡಿದು ನಿಲ್ಲಿಸಿದರು. ಅದೇ ವರ್ಷದ ಜುಲೈ ತಿಂಗಳಲ್ಲಿ ಮಹಾರಾಷ್ಟ್ರದ ಸಂಖ್ಯೆ ಹೊತ್ತ ಒಂದು ಕೆಂಪು ಫೆರಾರಿ ಕಾರಿನ ಒಡೆಯರು ಒಂದೇ ದಿನ ಸುಮಾರು ೧ ಕೋಟಿ ೪೨ ಲಕ್ಷ ರೂಪಾಯಿಗಳನ್ನು ಬೊಕ್ಕಸಕ್ಕೆ ಸಲ್ಲಿಸಬೇಕಾಯಿತು.

ಕಾರು ಮನೆಗೆ ಬಂದಿತು. ಅದರ ಪೋಷಣೆ ಹೇಗೆ? ಮೊದಲನೆಯದು ಟೈರು. ಕಾರು ಭೂಮಿಯನ್ನು ಮುಟ್ಟುವುದು ನಾಲ್ಕು ಅಂಗೈಗಳಷ್ಟು ಜಾಗದಲ್ಲಿ ಮಾತ್ರ. ಎಂಜಿನ್ನಿನ ಬಲವೂ ಬ್ರೇಕಿನ ಬಲವೂ ಅಲ್ಲಿಯೇ ಕೆಲಸ ಮಾಡಬೇಕು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕೆಗಳ ಮುದ್ರೆಯಿರುತ್ತದೆ. ೨೩೧೯ ಎಂದಿದ್ದರೆ ಅದು ೨೦೧೯ರ ೨೩ನೆಯ ವಾರದಲ್ಲಿ ತಯಾರಾದುದು. ಗೆರೆಯ ಆಳ ೧.೬ ಮಿಲಿಮೀಟರಿಗಿಂತ ಕಡಮೆಯಾದ ಟೈರು ಕಾನೂನಿಗೂ ಸಲ್ಲದು, ಮಳೆಗಾಲಕ್ಕೂ ಸಲ್ಲದು. ಆಳವಿದ್ದರೂ ಐದಾರು ವರ್ಷ ಕಳೆದ ಟೈರಿನ ರಬ್ಬರು ನಮ್ಮ ಬಿಸಿಲಿಗೆ ಗಡುಸಾಗಿ ಬಿರಿಯುವುದರಿಂದ ತಿಳಿದವರಿಗೆ ತೋರಿಸಬೇಕು. ವೇಗದ ಗುರುತನ್ನೂ ನೋಡಬೇಕು: ಟಿ ಎಂದರೆ ೧೯೦, ಎಚ್ ಎಂದರೆ ೨೧೦, ವಿ ಎಂದರೆ ೨೪೦ ಕಿಲೋಮೀಟರಿನವರೆಗೆ ತಾಳತಕ್ಕದ್ದು. ಕಾರಿನೊಡನೆ ಬಂದುದಕ್ಕಿಂತ ಕೆಳದರ್ಜೆಯ ಟೈರನ್ನು ಹಾಕಿಸಿ ಹಣ ಉಳಿಸಿದೆವೆನ್ನುವುದು ಬಾವಿಯ ಹಗ್ಗದಲ್ಲಿ ಉಳಿತಾಯ ಮಾಡಿದಂತೆ. ಗಾಳಿಯನ್ನು ಬೆಳಗ್ಗೆ, ಟೈರು ತಣ್ಣಗಿರುವಾಗಲೇ ಅಳೆಯಿಸತಕ್ಕದ್ದು.

ಎರಡನೆಯದು ಬ್ರೇಕು. ಅದರ ಎಣ್ಣೆಯು ಗಾಳಿಯ ತೇವವನ್ನು ಹೀರಿಕೊಳ್ಳುವ ಸ್ವಭಾವದ್ದು. ಡಾಟ್ ೪ ಎಂಬ ಜಾತಿಯ ಹೊಸ ಎಣ್ಣೆಯು ೨೩೦ ಡಿಗ್ರಿಗೆ ಮುಂಚೆ ಕುದಿಯಬಾರದೆಂದು ನಿಯಮ. ನೀರನ್ನು ಹೀರಿಕೊಂಡ ಮೇಲೆ ೧೫೫ ಡಿಗ್ರಿಗೇ ಕುದಿಯಬಹುದು. ಕುದಿದರೆ ಕೊಳವೆಯಲ್ಲಿ ಆವಿ ತುಂಬಿ, ಕಾಲಿಟ್ಟ ಪೆಡಲು ನೆಲಕ್ಕೆ ಇಳಿಯುವುದೇ ಹೊರತು ಕಾರು ನಿಲ್ಲದು. ಎರಡು ವರ್ಷಕ್ಕೊಮ್ಮೆ ಈ ಎಣ್ಣೆಯನ್ನು ಬದಲಾಯಿಸುವ ವೆಚ್ಚವು ಒಂದು ಮದುವೆಯ ಉಡುಗೊರೆಯಷ್ಟೂ ಆಗದು.

ಮೂರನೆಯದು ಉಸಿರು ಮತ್ತು ತಂಪು. ನಮ್ಮ ಎರೆಭೂಮಿಯ ಧೂಳು ಬಹು ನುಣುಪಾದದ್ದು. ಭತ್ತ ಕೊಯ್ಯುವ ಯಂತ್ರಗಳು ಓಡಾಡುವ ಕಾಲದಲ್ಲಂತೂ ಗಾಳಿಯ ಶೋಧಕವು ಬೇಗನೆ ಮುಚ್ಚಿಹೋಗುವುದು. ಪುಸ್ತಕದಲ್ಲಿ ಬರೆದ ಅವಧಿಗೆ ಕಾಯದೆ ಸುಗ್ಗಿ ಮುಗಿದೊಡನೆ ಅದನ್ನು ತೆಗೆಸಿ ನೋಡಬೇಕು. ಬೇಸಗೆಯಲ್ಲಿ ಇಲ್ಲಿ ೪೦ ಡಿಗ್ರಿಗೂ ಮೀರಿ ಕಾಯುವುದರಿಂದ ರೇಡಿಯೇಟರಿಗೆ ಬರಿಯ ಬೋರಿನ ನೀರನ್ನು ಸುರಿಯದೆ ತಯಾರಕರು ಹೇಳಿದ ದ್ರವವನ್ನೇ ಹಾಕಿಸಬೇಕು. ಟರ್ಬೋ ಎಂಬ ಚಕ್ರವಿರುವ ಎಂಜಿನ್ನಿನಲ್ಲಿ ಆ ಚಕ್ರವು ಬಿಸಿ ಹೊಗೆಯ ಬಲದಿಂದ ನಿಮಿಷಕ್ಕೆ ಲಕ್ಷಕ್ಕೂ ಮೇಲ್ಪಟ್ಟು ಸುತ್ತುವುದುಂಟು. ಅದನ್ನು ಕಾಯುವುದು ತೆಳುವಾದ ಎಣ್ಣೆಯ ಪದರ ಒಂದೇ. ಎಣ್ಣೆಯನ್ನು ಹೇಳಿದ ಜಾತಿಯದನ್ನೇ ಹೇಳಿದ ಹೊತ್ತಿಗೆ ಬದಲಾಯಿಸಬೇಕು. ದೂರದಿಂದ ವೇಗವಾಗಿ ಬಂದಮೇಲೆ ಒಂದು ನಿಮಿಷ ಎಂಜಿನ್ನನ್ನು ಮೆಲ್ಲಗೆ ಓಡಲು ಬಿಟ್ಟು ಬಳಿಕ ನಿಲ್ಲಿಸಬೇಕು. ಈಗ ದೇಶದ ಪೆಟ್ರೋಲಿನಲ್ಲಿ ನೂರಕ್ಕೆ ೨೦ರಷ್ಟು ಎಥನಾಲ್ ಬೆರೆತಿರುವುದರಿಂದ, ಹಳೆಯ ಕಾರುಳ್ಳವರು ಅದರ ರಬ್ಬರು ಕೊಳವೆಗಳನ್ನು ಆಗಾಗ್ಗೆ ಪರೀಕ್ಷೆ ಮಾಡಿಸುವುದು ವಿವೇಕ.

ಇಷ್ಟಕ್ಕೆ ತೃಪ್ತಿಪಡದ ತರುಣರು ಕಾರನ್ನು ತಿದ್ದಹೊರಡುವರು. ಸೈಲೆನ್ಸರನ್ನು ಕಿತ್ತು ಗುಡುಗುವ ಕೊಳವೆಯನ್ನು ಹಾಕಿಸುವರು, ಗಾಜಿಗೆ ಕಪ್ಪು ಹಾಳೆ ಅಂಟಿಸುವರು, ಎಂಜಿನ್ನನ್ನು ಆಳುವ ವಿದ್ಯುದ್ಯಂತ್ರದ ಲೆಕ್ಕಗಳನ್ನು ಬದಲಾಯಿಸಿ ಇನ್ನೂ ಇಪ್ಪತ್ತು ಮೂವತ್ತು ಕುದುರೆಗಳನ್ನು ಹಿಂಡುವರು. ೨೦೧೯ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು, ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸ ಬರುವಂತೆ ಗಾಡಿಯನ್ನು ಮಾರ್ಪಡಿಸಕೂಡದೆಂದು ತೀರ್ಪಿತ್ತಿದೆ. ಅನುಮತಿಯಿಲ್ಲದ ಒಂದೊಂದು ಮಾರ್ಪಾಟಿಗೂ ೫,೦೦೦ ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆ; ಶಬ್ದ ಮತ್ತು ಹೊಗೆಯ ಮಿತಿ ಮೀರಿದರೆ ೧೦,೦೦೦ ರೂಪಾಯಿವರೆಗೆ ದಂಡವುಂಟು. ಮುಂದಿನ ಹಿಂದಿನ ಗಾಜುಗಳು ನೂರಕ್ಕೆ ೭೦ ಪಾಲು, ಪಕ್ಕದವು ೫೦ ಪಾಲು ಬೆಳಕನ್ನು ಒಳಬಿಡಬೇಕೆಂದು ನಿಯಮವಿದೆ.

ದಂಡವನ್ನು ಹೇಗೋ ಕಟ್ಟಬಹುದು. ಗೃಹಸ್ಥನು ನಿಜವಾಗಿ ಅಂಜಬೇಕಾದುದು ವಿಮೆಯ ವಿಷಯದಲ್ಲಿ. ಮೂರನೆಯವರಿಗೆ ಆಗುವ ಹಾನಿಯ ವಿಮೆಯಿಲ್ಲದೆ ಕಾರನ್ನು ದಾರಿಗಿಳಿಸುವುದು ಅಪರಾಧ. ವಿಮೆಯಿಲ್ಲದ ಕಾರು ಒಬ್ಬ ಕೂಲಿಯವನನ್ನೋ ಒಂದು ಮಗುವನ್ನೋ ಕೆಡವಿದರೆ, ನ್ಯಾಯಮಂಡಳಿಯು ವಿಧಿಸುವ ಲಕ್ಷಗಟ್ಟಲೆ ಪರಿಹಾರವು ಕಾರಿನ ಒಡೆಯನ ತಲೆಯ ಮೇಲೆಯೇ ಬೀಳುವುದು. ಹೊಲ ಮನೆ ಮಾರಿಯಾದರೂ ಅದನ್ನು ಕೊಡಬೇಕು. ವಿಮೆಯಿದ್ದರೂ ಮಾರ್ಪಾಟನ್ನು ಮುಚ್ಚಿಟ್ಟಿದ್ದರೆ ಸ್ವಂತ ಕಾರಿನ ನಷ್ಟವನ್ನು ಕೊಡಲು ಕಂಪನಿಯವರು ನಿರಾಕರಿಸಲು ಎಡೆಯುಂಟು. ಓಡಿಸಿದವನಿಗೆ ಲೈಸೆನ್ಸಿಲ್ಲದಿದ್ದರೆ, ಕಂಪನಿಯವರು ಗಾಯಾಳುವಿಗೆ ಕೊಟ್ಟ ಹಣವನ್ನೂ ಒಡೆಯನಿಂದಲೇ ವಸೂಲು ಮಾಡಲು ನ್ಯಾಯಾಲಯಗಳು ಅಪ್ಪಣೆ ಕೊಟ್ಟಿರುವುವು.

ತಾಯಂದಿರೂ ತಂದೆಯಂದಿರೂ ಈ ಒಂದು ಮಾತನ್ನು ವಿಶೇಷವಾಗಿ ಮನಸ್ಸಿನಲ್ಲಿಡಬೇಕು. ಹದಿನೆಂಟು ತುಂಬದ ಹುಡುಗನ ಕೈಗೆ ಕೀಲಿಯನ್ನು ಕೊಟ್ಟು ಅವನು ಅಪರಾಧವೆಸಗಿದರೆ, ೨೦೧೯ರ ತಿದ್ದುಪಡಿಯಂತೆ ತಪ್ಪಿತಸ್ಥನಾಗುವವನು ಪೋಷಕನು ಅಥವಾ ಗಾಡಿಯ ಒಡೆಯನು. ಮೂರು ವರ್ಷಗಳವರೆಗೆ ಸೆರೆ, ೨೫,೦೦೦ ರೂಪಾಯಿ ದಂಡ, ಗಾಡಿಯ ನೋಂದಣಿ ೧೨ ತಿಂಗಳು ರದ್ದು. ಹುಡುಗನಿಗೆ ೨೫ ವರ್ಷ ತುಂಬುವವರೆಗೆ ಲೈಸೆನ್ಸು ದೊರೆಯದು. ‘ಹುಡುಗ ಚೆನ್ನಾಗಿ ಓಡಿಸುತ್ತಾನೆ’ ಎಂದು ನೆಂಟರ ಮುಂದೆ ಹೊಗಳುವ ಮುದ್ದು ಎಲ್ಲಿಗೆ ಒಯ್ಯುವುದೆಂಬುದನ್ನು ವಿವರಿಸಿ ಹೇಳಬೇಕೆ?

ವೇಗದ ಹಂಬಲಕ್ಕೆ ನ್ಯಾಯವಾದ ಎಡೆಯೇ ಇಲ್ಲವೆಂದಲ್ಲ. ಚೆನ್ನೈ ಬಳಿಯ ಇರುಂಗಾಟ್ಟುಕೋಟೆಯಲ್ಲಿಯೂ ಕೊಯಮತ್ತೂರಿನ ಬಳಿಯಲ್ಲಿಯೂ ಸ್ಪರ್ಧೆಗೆಂದೇ ಕಟ್ಟಿದ ದಾರಿಗಳಿವೆ. ಅಲ್ಲಿ ಎದುರಿನಿಂದ ಹತ್ತಿಯ ಟ್ರ್ಯಾಕ್ಟರು ಬಾರದು. ಹಳೆಯ ಕಾರುಗಳನ್ನು ಪ್ರೀತಿಯಿಂದ ಕಾಪಾಡುವುದೂ ಒಂದು ಸದಭಿರುಚಿ. ಧರ್ಮಸ್ಥಳದ ಮೋಟಾರುಗಳ ಸಂಗ್ರಹವನ್ನು ನೋಡಿದವರಿಗೆ ಇದು ತಿಳಿದಿರುವುದು. ೨೦೨೧ರ ನಿಯಮದಂತೆ ೫೦ ವರ್ಷ ಮೀರಿ ಮೂಲರೂಪದಲ್ಲಿ ಉಳಿದ ಗಾಡಿಗೆ ವಿ.ಎ. ಎಂಬ ಅಕ್ಷರಗಳುಳ್ಳ ಬೇರೆಯ ಸಂಖ್ಯೆ ದೊರೆಯುತ್ತದೆ. ಅಂತಹ ಗಾಡಿಯನ್ನು ನಿತ್ಯದ ತಿರುಗಾಟಕ್ಕೆ ಮಾತ್ರ ಬಳಸಕೂಡದು.

ಕೊನೆಯಲ್ಲಿ ಮನೆಯೊಡತಿಯರಿಗೆ ಒಂದು ಸೂಚನೆ. ಗೋಡೆಯ ಪಂಚಾಂಗದಲ್ಲಿ ಹಬ್ಬಗಳನ್ನು ಗುರುತಿಸುವಾಗ ಕಾರಿನ ತಿಥಿಗಳನ್ನೂ ಗುರುತಿಸಿರಿ: ವಿಮೆ ಮುಗಿಯುವ ದಿನ, ಹೊಗೆ ಪರೀಕ್ಷೆಯ ದಿನ, ಅದು ಭಾರತ್ ೪ ಮತ್ತು ೬ನೆಯ ದರ್ಜೆಯ ಕಾರುಗಳಿಗೆ ವರ್ಷಕ್ಕೊಮ್ಮೆ, ಅದಕ್ಕೂ ಹಳೆಯವಕ್ಕೆ ಆರು ತಿಂಗಳಿಗೊಮ್ಮೆ, ಎಣ್ಣೆ ಬದಲಾಯಿಸಿದ ದಿನ, ನೋಂದಣಿಗೆ ೧೫ ವರ್ಷ ತುಂಬುವ ದಿನ. ತಿಂಗಳ ಮೊದಲ ದಿನ ಟೈರಿನ ಗಾಳಿ, ದೀಪಗಳು, ಬ್ರೇಕಿನ ಎಣ್ಣೆಯ ಮಟ್ಟ ಇವನ್ನು ಮಗನ ಕೈಯಿಂದಲೇ ನೋಡಿಸಿರಿ. ಆರೈಕೆ ಮಾಡುವ ಕೈಗೆ ಓಡಿಸುವಾಗಲೂ ಜವಾಬ್ದಾರಿ ತಿಳಿಯುವುದು. ಕಾಗದಪತ್ರಗಳು ಒಂದು ಚೀಲದಲ್ಲಿರಲಿ, ಕೀಲಿಯು ಹಿರಿಯರ ಕೈಯಲ್ಲಿರಲಿ. ವೇಗವಾಗಿ ಹೋಗಬಲ್ಲ ಕಾರು ಮನೆಗೆ ಶೋಭೆಯೇ. ಹೋದವರೆಲ್ಲರೂ ಹೊತ್ತಿಗೆ ಸರಿಯಾಗಿ ಊಟಕ್ಕೆ ಹಿಂತಿರುಗುವುದು ಅದಕ್ಕಿಂತಲೂ ದೊಡ್ಡ ಶೋಭೆ.