ಪಣದ ಮಿತಿ

ಜೂಜಿನ ವಿಷಯವಾಗಿ ನಮ್ಮಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. ಜೂಜು ಮಹಾಪಾತಕ, ಅದರ ಸುದ್ದಿಯೇ ಬೇಡ ಎಂಬುದು ಹಿರಿಯರ ಮಾತು. ಇದು ಜೂಜಲ್ಲ, ಬುದ್ಧಿಯ ಆಟ, ಇದರಲ್ಲಿ ತಪ್ಪೇನಿದೆ ಎಂಬುದು ಕಿರಿಯರ ಮಾತು. ಈ ಎರಡರ ನಡುವೆ ಕೇಳಲೇಬೇಕಾದ ಪ್ರಶ್ನೆಯೊಂದು ಕೇಳದೆಯೇ ಉಳಿದುಹೋಗಿದೆ. ಒಮ್ಮೆಗೆ ಎಷ್ಟು ಹಣ ಒಡ್ಡಬಹುದು? ಆ ಮಿತಿಯನ್ನು ಗೊತ್ತುಮಾಡುವವರು ಯಾರು? ಆಟಗಾರನ ಅಳಿವು ಉಳಿವುಗಳು ಬಹುಮಟ್ಟಿಗೆ ಈ ಪ್ರಶ್ನೆಯ ಉತ್ತರದಲ್ಲಿವೆ ಎಂಬುದೇ ಈ ಲೇಖನದ ಅಭಿಪ್ರಾಯ.

ನಮ್ಮ ಸೀಮೆಗೆ ಜೂಜು ಹೊಸತೇನೂ ಅಲ್ಲ. ಕಾರ್ಕಳ, ಕಾಪು ಕಡೆಯ ಹಳ್ಳಿಗಳಲ್ಲಿ ಕೋಳಿ ಅಂಕಕ್ಕೆ ಪಣ ಕಟ್ಟುವುದನ್ನೂ, ಇಸ್ಪೀಟಿನ ‘ಉಲಾಯಿ ಪಿದಾಯಿ’ ಆಟವನ್ನೂ ಕೇಳಿ ಅರಿಯದವರಿಲ್ಲ. ಆದರೆ ಆ ಆಟಕ್ಕೆ ಹೋಗಬೇಕಾದರೆ ಮನೆಯಿಂದ ಹೊರಡಬೇಕು, ಜೇಬಿನಲ್ಲಿ ಹಣವಿರಬೇಕು, ನೆರೆಹೊರೆಯವರ ಕಣ್ಣು ತಪ್ಪಿಸಬೇಕು. ಜೇಬು ಬರಿದಾದರೆ ಅಂದಿನ ಆಟವೂ ಮುಗಿಯಿತು. ದೇಶದ ನಾನಾ ಕಡೆಗಳಿಂದ ವಿದ್ಯಾರ್ಥಿಗಳು ಬಂದು ಸೇರುವ ಮಣಿಪಾಲದಲ್ಲಿಯೂ, ಬಸ್ಸಿನಲ್ಲಿ ದಿನವೂ ಬಂದುಹೋಗುವ ನಮ್ಮಂಥವರ ನಡುವೆಯೂ ಈ ಕೆಲವು ವರುಷಗಳಲ್ಲಿ ಪರಿಚಿತವಾದ ಪೋಕರ್ ಮತ್ತು ರಮ್ಮಿ ಬಂದುದು ಕೈಯ ಫೋನಿನ ಮೂಲಕ. ಆ ಜೇಬಿಗೆ ತಳವೇ ಇಲ್ಲ. ಆದುದರಿಂದ ಮಿತಿ ಎಂದರೇನೆಂಬುದನ್ನು ಮೊದಲು ತಿಳಿಯೋಣ.

ಪೋಕರಿನಲ್ಲಿ ಎಲೆ ಹಂಚಿದ ಮೇಲೆ ಹಲವು ಸುತ್ತುಗಳಲ್ಲಿ ಹಣ ಒಡ್ಡುತ್ತಾರೆ. ಒಬ್ಬನು ಒಡ್ಡಿದರೆ ಮುಂದಿನವನು ಅಷ್ಟೇ ಹಣವಿಟ್ಟು ಆಟದಲ್ಲಿ ಉಳಿಯಬಹುದು, ಪಣವನ್ನು ಏರಿಸಬಹುದು, ಇಲ್ಲವೆ ಎಲೆ ಕೆಳಗಿಟ್ಟು ಅದುವರೆಗೆ ಹಾಕಿದ್ದನ್ನು ಬಿಟ್ಟುಕೊಡಬಹುದು. ನಡುವೆ ಕೂಡುವ ಹಣದ ರಾಶಿ ಕೊನೆಗೆ ಗೆದ್ದವನದು. ಎಷ್ಟು ಒಡ್ಡಬಹುದೆಂಬುದಕ್ಕೆ ಮುಖ್ಯವಾಗಿ ಮೂರು ಪದ್ಧತಿಗಳಿವೆ.

ಮೊದಲನೆಯದು ನಿಯತ ಮಿತಿ. ಹತ್ತು–ಇಪ್ಪತ್ತರ ಆಟವೆಂದರೆ ಮೊದಲ ಎರಡು ಸುತ್ತುಗಳಲ್ಲಿ ೧೦ ರೂಪಾಯಿಯ ಪಣ, ಕೊನೆಯ ಎರಡರಲ್ಲಿ ೨೦ ರೂಪಾಯಿಯ ಪಣ. ಒಂದು ಸುತ್ತಿನಲ್ಲಿ ಒಂದು ಪಣ, ಅದರ ಮೇಲೆ ಮೂರು ಏರಿಕೆ, ಅಷ್ಟಕ್ಕೆ ನಿಲುಗಡೆ ಎಂಬುದು ರೂಢಿ. ಹೀಗಾದರೆ ಒಂದು ಹಂಚಿಕೆಯಲ್ಲಿ ಒಬ್ಬನು ಕಳೆದುಕೊಳ್ಳಬಹುದಾದ ಗರಿಷ್ಠ ಮೊತ್ತ ೪೦, ೪೦, ೮೦, ೮೦, ಒಟ್ಟು ೨೪೦ ರೂಪಾಯಿ. ಕೂರುವ ಮೊದಲೇ ಇದನ್ನು ಲೆಕ್ಕಹಾಕಬಹುದು.

ಎರಡನೆಯದು ರಾಶಿಮಿತಿ. ನಡುವೆ ಎಷ್ಟು ಹಣ ಕೂಡಿದೆಯೋ ಅಷ್ಟರವರೆಗೆ ಒಡ್ಡಬಹುದು. ಕೇಳುವುದಕ್ಕೆ ಇದು ಸಂಯಮದ ನಿಯಮದಂತೆ ತೋರುತ್ತದೆ. ಆದರೆ ಇಬ್ಬರು ತಲಾ ೧೦ ರೂಪಾಯಿ ಹಾಕಿ ೨೦ರ ರಾಶಿಯಿಂದ ಆರಂಭಿಸಿದರೆಂದು ಇಟ್ಟುಕೊಳ್ಳಿ. ಪ್ರತಿ ಸುತ್ತಿನಲ್ಲಿ ಒಬ್ಬನು ರಾಶಿಯಷ್ಟು ಒಡ್ಡಿ ಇನ್ನೊಬ್ಬನು ಸರಿಗಟ್ಟಿದರೆ ರಾಶಿಯು ಮೂರು ಪಟ್ಟಾಗುತ್ತ ಹೋಗಿ ೬೦, ೧೮೦, ೫೪೦, ೧೬೨೦ ಆಗುತ್ತದೆ. ಒಮ್ಮೆಯೂ ಯಾರೂ ಏರಿಸದೆಯೇ, ಹತ್ತು ರೂಪಾಯಿಗೆ ಕುಳಿತವನು ನಾಲ್ಕು ಸುತ್ತುಗಳಲ್ಲಿ ೮೧೦ ರೂಪಾಯಿ ಹಾಕಿರುತ್ತಾನೆ.

ಮೂರನೆಯದು ಮಿತಿಯಿಲ್ಲದ ಆಟ. ಇದರಲ್ಲಿ ಮುಂದಿರುವ ಹಣವನ್ನೆಲ್ಲ ಯಾವ ಗಳಿಗೆಯಲ್ಲಾದರೂ ಒಡ್ಡಬಹುದು. ಗಮನಿಸಬೇಕಾದ ಸಂಗತಿಯೆಂದರೆ, ಮಿತಿಯಿಲ್ಲದ್ದೆನ್ನುವ ಈ ಆಟಕ್ಕೂ ಒಂದು ಮಿತಿ ಉಂಟು. ಎಲೆ ಹಂಚುವಾಗ ಮೇಜಿನ ಮೇಲೆ ಎಷ್ಟಿತ್ತೋ ಅಷ್ಟೇ ಆ ಹಂಚಿಕೆಗೆ ಲೆಕ್ಕ. ನಡುವೆ ಜೇಬಿಗೆ ಕೈಹಾಕುವಂತಿಲ್ಲ, ಮನೆಯ ಪತ್ರ ತರುವಂತಿಲ್ಲ. ಹಣ ಸಾಲದವನು ತನ್ನಲ್ಲಿರುವಷ್ಟನ್ನು ಹಾಕಿ ಅಷ್ಟರ ಪಾಲಿಗೆ ಮಾತ್ರ ಸ್ಪರ್ಧಿಸುತ್ತಾನೆ. ಉಳಿದವರು ಅದಕ್ಕಿಂತ ಹೆಚ್ಚು ಹಾಕಿದ್ದು ಬೇರೊಂದು ರಾಶಿಯಾಗುತ್ತದೆ.

ಮಿತಿ ಬದಲಾದರೆ ಆಟವೇ ಬೇರೆಯಾಗುತ್ತದೆ. ನಡುವೆ ೨೦೦ ರೂಪಾಯಿ ಇರುವಾಗ ನಿಯತ ಮಿತಿಯಲ್ಲಿ ಎದುರಾಳಿ ೨೦ ಒಡ್ಡಿದರೆ, ನಾವು ೨೦ ಕೊಟ್ಟು ೨೨೦ ಗೆಲ್ಲುವ ಅವಕಾಶ ಪಡೆಯುತ್ತೇವೆ. ಹನ್ನೆರಡು ಸಲದಲ್ಲಿ ಒಂದು ಸಲ ಗೆದ್ದರೂ ನಷ್ಟವಿಲ್ಲ. ರಾಶಿಮಿತಿಯಲ್ಲಿ ಅವನು ೨೦೦ ಒಡ್ಡಿದರೆ ಮೂರರಲ್ಲಿ ಒಂದು ಸಲ ಗೆಲ್ಲಲೇಬೇಕು. ಮಿತಿಯಿಲ್ಲದಲ್ಲಿ ಅವನು ೨,೦೦೦ ಒಡ್ಡಿದರೆ, ಎಲೆಯ ಬಲಕ್ಕಿಂತ ನಮ್ಮ ಎದೆಯ ನಡುಕವೇ ಆಟವನ್ನು ತೀರ್ಮಾನಿಸುತ್ತದೆ. ಹಣವುಳ್ಳವನು ಇಲ್ಲದವನನ್ನು ಹೆದರಿಸಬಲ್ಲ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾನಿಲಯದವರು ಇಬ್ಬರು ಆಡುವ ನಿಯತ ಮಿತಿಯ ಟೆಕ್ಸಾಸ್ ಹೋಲ್ಡೆಮ್ ಆಟವನ್ನು ಕಂಪ್ಯೂಟರಿನಿಂದ ಹೆಚ್ಚುಕಡಮೆ ಪೂರ್ತಿಯಾಗಿ ಬಿಡಿಸಿರುವುದಾಗಿ ೨೦೧೫ರಲ್ಲಿ ಪ್ರಕಟಿಸಿದರು. ಅದೇ ಎಲೆಗಳ ಮಿತಿಯಿಲ್ಲದ ಆಟದಲ್ಲಿ ಯೋಚಿಸಬೇಕಾದ ಸಂದರ್ಭಗಳ ಸಂಖ್ಯೆಯನ್ನು ಬರೆಯಲು ಒಂದರ ಮುಂದೆ ಸುಮಾರು ೧೬೦ ಸೊನ್ನೆಗಳು ಬೇಕು. ಆದುದರಿಂದ ‘ಪೋಕರ್ ಒಳ್ಳೆಯದೋ ಕೆಟ್ಟದ್ದೋ’ ಎಂದು ಕೇಳುವವನಿಗೆ ‘ಯಾವ ಮಿತಿಯ ಪೋಕರ್?’ ಎಂದು ಮರುಪ್ರಶ್ನೆ ಹಾಕುವುದು ನ್ಯಾಯ.

ಹಾಗಾದರೆ ನಿಯತ ಮಿತಿಯ ಆಟ ನಿರಪಾಯವೇ? ಅಲ್ಲ. ಒಂದು ಹಂಚಿಕೆಗೆ ಮಿತಿಯಿದ್ದರೂ ಒಂದು ರಾತ್ರಿಗೆ ಮಿತಿಯಿಲ್ಲ. ಇದಲ್ಲದೆ ಆಡಿಸುವವನ ಪಾಲೊಂದು ಉಂಟು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದ್ಯೂತಾಧ್ಯಕ್ಷನು ಗೆದ್ದ ಹಣದಿಂದ ನೂರಕ್ಕೆ ಐದನ್ನು ತೆಗೆದುಕೊಳ್ಳತಕ್ಕದ್ದೆಂದು ವಿಧಿಸಿದೆ. ಈ ಐದನ್ನೇ ಲೆಕ್ಕಕ್ಕೆ ತೆಗೆದುಕೊಳ್ಳೋಣ. ಆರು ಮಂದಿ ತಲಾ ೧,೦೦೦ ರೂಪಾಯಿ ತಂದು ಕುಳಿತರು. ಸರಾಸರಿ ೧೦೦ ರೂಪಾಯಿಯ ರಾಶಿ, ತಾಸಿಗೆ ೩೦ ಹಂಚಿಕೆ. ಆಡಿಸುವವನಿಗೆ ತಾಸಿಗೆ ೧೫೦ ರೂಪಾಯಿ ಹೋಗುತ್ತದೆ. ನಲವತ್ತು ತಾಸಿನಲ್ಲಿ ಆರು ಮಂದಿಯ ೬,೦೦೦ ರೂಪಾಯಿಯೂ ಅವನ ಪೆಟ್ಟಿಗೆಯಲ್ಲಿರುತ್ತದೆ. ಯಾರು ಜಾಣ, ಯಾರು ದಡ್ಡ ಎಂಬುದು ಅಷ್ಟರೊಳಗೆ ಯಾರ ಹಣ ಮೊದಲು ಮುಗಿಯಿತು ಎಂಬುದನ್ನು ಮಾತ್ರ ತೀರ್ಮಾನಿಸೀತು.

ಇನ್ನು ಕಾನೂನಿನ ಕಡೆಗೆ ತಿರುಗೋಣ. ೧೯೬೩ರ ಕರ್ನಾಟಕ ಪೊಲೀಸ್ ಕಾಯಿದೆಯು ಜೂಜುಕಟ್ಟೆ ನಡೆಸುವವರನ್ನೂ ಅಲ್ಲಿ ಸಿಕ್ಕವರನ್ನೂ ಶಿಕ್ಷಿಸುತ್ತದೆ. ಕೌಶಲದ ಆಟಗಳಿಗೆ ಅದರಲ್ಲಿ ವಿನಾಯಿತಿ ಇತ್ತು. ರಮ್ಮಿಯು ಮುಖ್ಯವಾಗಿ ಕೌಶಲದ ಆಟವೆಂದು ಸುಪ್ರೀಂ ಕೋರ್ಟು ೧೯೬೭ರಲ್ಲಿ ತೀರ್ಪಿತ್ತಿತು. ಆಡಿಸುವವನು ಆಟದಿಂದ ಲಾಭ ಗಿಟ್ಟಿಸುತ್ತಿದ್ದರೆ ಅಪರಾಧವಾದೀತು ಎಂಬ ಮಾತೂ ಅದೇ ತೀರ್ಪಿನಲ್ಲಿದೆ. ಜನ ಮೊದಲನೆಯ ಮಾತನ್ನು ನೆನಪಿಟ್ಟುಕೊಂಡು ಎರಡನೆಯದನ್ನು ಮರೆತರು. ೨೦೨೧ರಲ್ಲಿ ನಮ್ಮ ರಾಜ್ಯವು ಕಾಯಿದೆಯನ್ನು ತಿದ್ದಿ ಹಣ ಒಡ್ಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ೨೦೨೨ರ ಫೆಬ್ರವರಿ ೧೪ರಂದು ರಾಜ್ಯದ ಹೈಕೋರ್ಟು ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಪಡಿಸಿತು. ಕೊನೆಗೆ ಸಂಸತ್ತು ಅಂಗೀಕರಿಸಿ ೨೦೨೫ರ ಆಗಸ್ಟ್ ೨೨ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಕೇಂದ್ರದ ಕಾಯಿದೆಯು, ಕೌಶಲವಿರಲಿ ಅದೃಷ್ಟವಿರಲಿ, ಹಣ ಒಡ್ಡಿಸುವ ಆನ್‌ಲೈನ್ ಆಟವನ್ನು ನಡೆಸುವುದನ್ನೇ ನಿಷೇಧಿಸಿತು. ಆಡಿಸುವವನಿಗೆ ಮೂರು ವರುಷಗಳವರೆಗೆ ಸೆರೆ, ಒಂದು ಕೋಟಿ ರೂಪಾಯಿಯವರೆಗೆ ದಂಡ ವಿಧಿಸಬಹುದು. ಆಡಿದವನನ್ನು ಅದು ಶಿಕ್ಷಿಸುವುದಿಲ್ಲ.

ಈ ನಿಷೇಧವನ್ನು ನಾನು ಒಪ್ಪುತ್ತೇನೆ. ಅದೂ ಒಂದು ಮಿತಿಯೇ; ಪಣದ ಮಿತಿಯನ್ನು ಸೊನ್ನೆಗೆ ಇಳಿಸಿದ ಮಿತಿ. ಆದರೆ ಅಷ್ಟರಿಂದಲೇ ವಿಷಯ ಮುಗಿಯಿತೆಂದು ಭಾವಿಸುವುದು ಸರಿಯಲ್ಲ. ಪರದೇಶದಿಂದ ನಡೆಯುವ ತಾಣಗಳಿವೆ, ಬಾಡಿಗೆ ಕೋಣೆಯ ಚಾಪೆಯೂ ಇದೆ. ಕೌಶಲದ ಆಟವೆಂಬ ವಾದವು ಹಿಂದಿನ ಹಲವಾರು ವರುಷಗಳಿಂದ ನಮ್ಮ ತರುಣರ ಕಿವಿಯಲ್ಲಿ ಮೊಳಗಿದ್ದು ಇನ್ನೂ ಅಡಗಿಲ್ಲ. ಕೌಶಲದ ಆಟವೆಂದರೆ ಕೌಶಲವುಳ್ಳವನು ಗೆಲ್ಲುವ ಆಟ. ಹಾಗಿದ್ದರೆ ಹೊಸದಾಗಿ ಕುಳಿತವನ ಗತಿಯೇನು ಎಂಬುದನ್ನು ಆ ವಾದ ಮಾಡುವವರು ಹೇಳುವುದಿಲ್ಲ.

ಮಿತಿಯ ಪ್ರಶ್ನೆಯನ್ನು ನಮ್ಮ ನಾಡಿಗೆ ತಾಳಮದ್ದಳೆಯ ಅರ್ಥಧಾರಿಗಳಿಗಿಂತ ಚೆನ್ನಾಗಿ ತಿಳಿಸಿದವರಿಲ್ಲ. ದ್ಯೂತಪ್ರಸಂಗವನ್ನು ನೆನೆಯಿರಿ. ಧರ್ಮರಾಯನು ಮೊದಲು ಐಶ್ವರ್ಯವನ್ನು ಒಡ್ಡಿದನು, ಬಳಿಕ ರಾಜ್ಯವನ್ನು, ಬಳಿಕ ನಕುಲ, ಸಹದೇವ, ಅರ್ಜುನ, ಭೀಮರನ್ನು, ಅನಂತರ ತನ್ನನ್ನೇ ಒಡ್ಡಿದನು. ಎಲ್ಲವೂ ಮುಗಿಯಿತೆನ್ನುವಾಗ ಶಕುನಿಯು, ಇನ್ನೂ ದ್ರೌಪದಿ ಉಳಿದಿದ್ದಾಳೆ, ಅವಳನ್ನಿಟ್ಟು ನಿನ್ನನ್ನು ಗೆದ್ದುಕೋ ಎಂದನು. ಸಭೆಯಲ್ಲಿ ದ್ರೌಪದಿ ಕೇಳಿದುದೇನು? ತನ್ನನ್ನು ತಾನೇ ಸೋತವನಿಗೆ ನನ್ನನ್ನು ಒಡ್ಡುವ ಅಧಿಕಾರವೆಲ್ಲಿಯದು ಎಂದು. ಕಪಟದ ದಾಳಗಳ ಮಾತು ಬೇರೆ; ಈ ಪ್ರಶ್ನೆ ಪಣದ ಮಿತಿಯದು. ತನ್ನ ಮುಂದೆ ಇಲ್ಲದ್ದನ್ನು ಒಬ್ಬನು ಒಡ್ಡಬಹುದೇ? ಮೇಜಿನ ಮೇಲಿರುವಷ್ಟೇ ಪಣವೆಂಬ ನಿಯಮ ಆ ಸಭೆಯಲ್ಲಿ ಇರುತ್ತಿದ್ದರೆ ಧರ್ಮರಾಯನ ಆಟ ತಮ್ಮಂದಿರವರೆಗೆ ಬರುತ್ತಿರಲಿಲ್ಲ. ಭೀಷ್ಮನಂಥವನೂ ಉತ್ತರ ಹೇಳಲಾರದೆ ಹೋದನು.

ಆ ಪ್ರಶ್ನೆಯನ್ನೇ ಇಂದು ನಾವು ಕೇಳಿಕೊಳ್ಳಬೇಕಾಗಿದೆ. ಪರೀಕ್ಷೆಯ ಶುಲ್ಕವೆಂದು ತಂದೆ ಕಳುಹಿಸಿದ ಹಣ ಯಾರದು? ಗೆಳೆಯನಿಂದ ಸಾಲ ತಂದು, ಅಕ್ಕನ ಖಾತೆಯಿಂದ ಕೇಳಿ ಪಡೆದು ಒಡ್ಡಿದ ಹಣ ಯಾರದು? ಯುಪಿಐ ಮೂಲಕ ಒಬ್ಬನು ದಿನವೊಂದಕ್ಕೆ ಸಾಮಾನ್ಯವಾಗಿ ಒಂದು ಲಕ್ಷ ರೂಪಾಯಿಯವರೆಗೆ ಕಳುಹಿಸಬಹುದು. ವ್ಯಾಪಾರಿಗೆ ಅದು ಅನುಕೂಲವೇ ಸರಿ. ತಿಂಗಳಿಗೆ ಕೆಲವು ಸಾವಿರದಲ್ಲಿ ಬದುಕುವ ವಿದ್ಯಾರ್ಥಿಯ ಪಾಲಿಗೆ ಅದು ಮಿತಿಯಿಲ್ಲದ ಮೇಜು. ಒಂದು ಹಂಚಿಕೆಯ ನಡುವೆ ಜೇಬಿಗೆ ಕೈಹಾಕುವಂತಿಲ್ಲವೆಂಬ ಹಳೆಯ ನಿಯಮ ಇದ್ದರೇನು, ಮುಂದಿನ ಹಂಚಿಕೆಗೆ ಮೊದಲು ಬೆರಳಿನ ಒಂದು ಒತ್ತಿನಲ್ಲಿ ಬೇಕಾದಷ್ಟು ಹಣವನ್ನು ಮತ್ತೆ ಮೇಜಿಗೆ ತರಬಹುದು. ಇನ್ನೂ ಒಂದು ಪಣ ಉಳಿದಿದೆ ಎನ್ನಲು ಶಕುನಿಯೂ ಬೇಕಿಲ್ಲ.

ಇದೇ ಉಡುಪಿಯಲ್ಲಿ ೧೯೨೫ರಲ್ಲಿ ಹುಟ್ಟಿ, ಮುಂದೆ ಸಿಂಡಿಕೇಟ್ ಬ್ಯಾಂಕೆನಿಸಿ, ೨೦೨೦ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನಗೊಂಡ ಸಂಸ್ಥೆಯು ೧೯೨೮ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಡಾ. ಟಿ. ಎಂ. ಎ. ಪೈಯವರೂ ಅವರ ಸಂಗಡಿಗರೂ ಕಟ್ಟಿದ ಆ ಬ್ಯಾಂಕಿನ ಪ್ರತಿನಿಧಿ ದಿನವೂ ಮನೆಬಾಗಿಲಿಗೆ ಬಂದು ಎರಡಾಣೆಯನ್ನಾದರೂ ಒಯ್ಯುತ್ತಿದ್ದನು. ಸಣ್ಣ ಮೊತ್ತ ದಿನವೂ ಸೇರಿದರೆ ದೊಡ್ಡದಾಗುತ್ತದೆ ಎಂಬ ಗಣಿತವನ್ನು ಈ ಊರಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಆಡಿಸುವವನ ನೂರಕ್ಕೆ ಐದು ಕೂಡ ಅದೇ ಗಣಿತ. ಠೇವಣಿ ಮಾತ್ರ ಅವನ ಹೆಸರಿನಲ್ಲಿರುತ್ತದೆ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಮಿತಿಯ ಲೆಕ್ಕ ಕಲಿಸಿದರೆ ಜೂಜಿಗೆ ಅನುಮತಿ ಕೊಟ್ಟಂತಾಗದೇ ಎಂದು ನಮ್ಮ ಅಧ್ಯಾಪಕರಲ್ಲಿ ಕೆಲವರು ಕೇಳಬಹುದು. ಆಕ್ಷೇಪ ಹಗುರವಾದುದಲ್ಲ. ಮಿತಿಯೊಂದೇ ಯಾರನ್ನೂ ಕಾಯುವುದಿಲ್ಲವೆಂಬುದಕ್ಕೂ ಮಹಾಭಾರತವೇ ಸಾಕ್ಷಿ. ಎರಡನೆಯ ಸಲದ ದ್ಯೂತದಲ್ಲಿ ಪಣ ಮೊದಲೇ ನಿಶ್ಚಯವಾಗಿತ್ತು: ಹನ್ನೆರಡು ವರುಷ ವನವಾಸ, ಒಂದು ವರುಷ ಅಜ್ಞಾತವಾಸ. ತಿಳಿದೂ ಧರ್ಮರಾಯನು ಕುಳಿತನು, ಸೋತನು. ಆದರೆ ಜೂಜಿಗೆ ಬೀಳುವವರು ಎಲ್ಲವನ್ನೂ ಒಡ್ಡುತ್ತೇನೆಂದು ನಿಶ್ಚಯಿಸಿಕೊಂಡು ಹೊರಡುವುದಿಲ್ಲ. ಸಣ್ಣ ಪಣದಲ್ಲಿ ಕುಳಿತು, ಸೋತದ್ದನ್ನು ಬೇಗ ತರಲೆಂದು ದೊಡ್ಡ ಪಣಕ್ಕೆ ದಾಟುತ್ತಾರೆ. ಹತ್ತು ರೂಪಾಯಿ ೮೧೦ ಆಗುವ ಬಗೆಯನ್ನು ಕಾಗದದ ಮೇಲೆ ಒಮ್ಮೆ ತಾನೇ ಲೆಕ್ಕಹಾಕಿ ನೋಡಿದವನು ಆ ದಾಟುವಿಕೆಯ ಮುಂದೆ ಒಂದು ಗಳಿಗೆಯಾದರೂ ನಿಂತಾನು. ‘ಪಾಪ’ವೆಂಬ ಮಾತನ್ನಷ್ಟೇ ಕೇಳಿದವನಿಗೆ ನಿಲ್ಲಲು ಅಂಥ ಆಧಾರವಿಲ್ಲ.

ಆದುದರಿಂದ ನನ್ನ ಸೂಚನೆಗಳು ಮೂರು. ಅರ್ಥಶಾಸ್ತ್ರ ವಿಭಾಗದವರು ವರುಷಕ್ಕೆ ಒಂದು ತಾಸನ್ನಾದರೂ ಈ ಲೆಕ್ಕಕ್ಕೆ ಕೊಡಲಿ. ಸಂಭವನೀಯತೆಯ ಪಾಠಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ದೊರೆಯದು. ಎರಡನೆಯದಾಗಿ, ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಫೋನಿನಿಂದ ಹಣ ಹೋಗುವ ದಿನದ ಮಿತಿಯನ್ನು ಎಷ್ಟು ಕೆಳಗಿಡಲು ಬ್ಯಾಂಕು ಬಿಡುತ್ತದೆಯೋ ಅಷ್ಟು ಕೆಳಗಿಡಲಿ. ಏರಿಸಿದ ಮಿತಿ ಮರುದಿನದಿಂದ ಮಾತ್ರ ಜಾರಿಗೆ ಬರುವಂತೆ ಬ್ಯಾಂಕುಗಳು ಏರ್ಪಾಡು ಮಾಡಿದರೆ ಇನ್ನೂ ಒಳಿತು. ಒಂದು ರಾತ್ರಿಯ ನಿದ್ದೆ ಬಹಳ ಪಣಗಳನ್ನು ತಡೆದೀತು. ಮೂರನೆಯದಾಗಿ, ಆಟಕ್ಕೆಂದು ಯಾರೂ ಯಾರಿಗೂ ಸಾಲ ಕೊಡಬಾರದೆಂಬ ಕಟ್ಟನ್ನು ನಾವು ನಾವೇ ಮಾಡಿಕೊಳ್ಳೋಣ. ಸಾಲ ಕೊಡುವ ಗೆಳೆಯನು ಸ್ನೇಹದಿಂದ ಕೊಟ್ಟರೂ, ಮೇಜಿನ ಮೇಲಿಲ್ಲದ ಹಣವನ್ನು ಮೇಜಿಗೆ ತರುವವನು ಅವನೇ. ಅವನಿಗೆ ‘ಇಲ್ಲ’ ಎನ್ನುವ ಧೈರ್ಯವಿದ್ದರೆ, ಆಟಗಾರನು ತನ್ನ ಮುಂದಿದ್ದಷ್ಟನ್ನು ಮಾತ್ರ ಸೋತು ಮನೆಗೆ ಹೋಗುತ್ತಾನೆ. ಮರುದಿನ ತರಗತಿಗೂ ಬರುತ್ತಾನೆ.