ಉಪ್ಪಿನ ಕಾವಲು

ಉಪ್ಪನ್ನು ಕಡಿಮೆ ಮಾಡಿರೆಂಬ ವೈದ್ಯರ ಬುದ್ಧಿವಾದ ಮನೆಮನೆಗೂ ಮುಟ್ಟಿರುವ ಈ ಕಾಲದಲ್ಲಿ, ಅದೇ ಉಪ್ಪು ಕೈಬಿಟ್ಟುಹೋಗದಂತೆ ದೇಹವು ಹಗಲಿರುಳೂ ಪಡುತ್ತಿರುವ ಪ್ರಯಾಸವನ್ನು ನೆನೆಯುವವರು ವಿರಳ. ನಮ್ಮ ಮೂತ್ರಪಿಂಡಗಳು ದಿನವೊಂದಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸುತ್ತವೆ. ಅದರಲ್ಲಿ ಕರಗಿರುವ ಉಪ್ಪು ಒಂದು ಕಿಲೋಗ್ರಾಮಿಗೂ ಮಿಕ್ಕದ್ದು. ಸಾಮಾನ್ಯವಾಗಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ಮರಳಿ ರಕ್ತವನ್ನೇ ಸೇರುತ್ತದೆ. ಕಟ್ಟಕಡೆಯ ಒಂದೆರಡು ಪಾಲನ್ನು ಉಳಿಸಿಕೊಳ್ಳುವ ಅಧಿಕಾರ ಮಾತ್ರ, ಮೂತ್ರಪಿಂಡದ ನೆತ್ತಿಯ ಮೇಲೆ ಕುಳಿತಿರುವ ಅಡ್ರಿನಲ್ ಗ್ರಂಥಿಯು ಸ್ರವಿಸುವ ಆಲ್ಡೋಸ್ಟೀರೋನ್ ಎಂಬ ಹಾರ್ಮೋನಿನದು.

ಆ ಅಲ್ಪಾಂಶದ ಬೆಲೆ ಏನೆಂಬುದಕ್ಕೆ, 1940ರಲ್ಲಿ ಅಮೆರಿಕದ ಲಾಸನ್ ವಿಲ್ಕಿನ್ಸ್ ಮತ್ತು ಕರ್ಟ್ ರಿಕ್ಟರ್ ಪ್ರಕಟಿಸಿದ ಒಬ್ಬ ಬಾಲಕನ ವೃತ್ತಾಂತವೇ ಸಾಕ್ಷಿ. ಮೂರೂವರೆ ವರ್ಷದ ಆ ಕೂಸು ಬಿಸ್ಕತ್ತಿನ ಮೇಲಿನ ಉಪ್ಪನ್ನು ನೆಕ್ಕಿ ಬಿಸ್ಕತ್ತನ್ನು ಬಿಟ್ಟುಬಿಡುತ್ತಿತ್ತು. ಅದು ಕಲಿತ ಮೊದಮೊದಲ ಮಾತುಗಳಲ್ಲಿ ಉಪ್ಪೆಂಬುದೂ ಒಂದು. ಬೇರೊಂದು ತೊಂದರೆಗಾಗಿ ಆಸ್ಪತ್ರೆಗೆ ಸೇರಿಸಿದಾಗ ಎಲ್ಲ ಮಕ್ಕಳಿಗೂ ಬಡಿಸುವ ಊಟವನ್ನೇ ಅದಕ್ಕೂ ಬಡಿಸಿದರು. ಕೆಲವೇ ದಿನಗಳಲ್ಲಿ ಮಗು ತೀರಿಕೊಂಡಿತು. ಶವಪರೀಕ್ಷೆಯಲ್ಲಿ ಅಡ್ರಿನಲ್ ಗ್ರಂಥಿಗಳ ವಿಕೃತಿ ಕಂಡುಬಂದಿತು. ಹಿರಿಯರು ಕೆಟ್ಟ ಚಾಳಿಯೆಂದು ಬಗೆಯಬಹುದಾದ ಆ ನಾಲಗೆಯ ಹಠವೇ ಅಷ್ಟು ಕಾಲ ಅದರ ಪ್ರಾಣವನ್ನು ಹಿಡಿದುನಿಲ್ಲಿಸಿದ್ದಿತೆಂಬುದನ್ನು ಓದಿದಾಗ ಕರುಳು ಕಿವಿಚಿದಂತಾಗುತ್ತದೆ. ರೋಗಿಯ ಬಯಕೆಯನ್ನು ವೈದ್ಯನು ನಾಡಿಯಷ್ಟೇ ಗಮನವಿಟ್ಟು ಪರೀಕ್ಷಿಸಬೇಕೆಂಬುದು ನನ್ನ ದೃಢವಾದ ನಂಬಿಕೆ.

ಆರೋಗ್ಯವಂತರಲ್ಲಿ ಈ ಕಾವಲು ಮೂತ್ರಪಿಂಡದಿಂದಲೇ ಮೊದಲಾಗುತ್ತದೆ. ಒಳಬರುವ ರಕ್ತದ ಒತ್ತಡ ಕುಗ್ಗಿದೊಡನೆ ಅದು ರೆನಿನ್ ಎಂಬ ಕಿಣ್ವವನ್ನು ಹೊರಸೂಸುತ್ತದೆ. ಯಕೃತ್ತಿನಲ್ಲಿ ಹುಟ್ಟಿ ರಕ್ತದಲ್ಲಿ ಸಂಚರಿಸುತ್ತಿರುವ ಪ್ರೋಟೀನೊಂದನ್ನು ರೆನಿನ್ ಸೀಳಲಾಗಿ, ಆ ತುಣುಕು ಮುಖ್ಯವಾಗಿ ಶ್ವಾಸಕೋಶಗಳಲ್ಲಿ ಪರಿಷ್ಕಾರ ಹೊಂದಿ, ಆಂಜಿಯೋಟೆನ್ಸಿನ್ ಎಂಬ ಪ್ರಬಲ ರೂಪವನ್ನು ತಳೆದು, ಅಡ್ರಿನಲ್ ಗ್ರಂಥಿಯನ್ನು ಪ್ರಚೋದಿಸುತ್ತದೆ. ಆಗ ಹೊಮ್ಮಿದ ಆಲ್ಡೋಸ್ಟೀರೋನ್ ಸೋಡಿಯಮ್ಮನ್ನು ಉಳಿಸಿ ಪೊಟ್ಯಾಸಿಯಮ್ಮನ್ನು ಹೊರಕ್ಕಟ್ಟುತ್ತದೆ. ಸಿಲ್ವಿಯಾ ಸಿಂಪ್ಸನ್, ಜೇಮ್ಸ್ ಟೇಟ್ ಮತ್ತು ಅವರ ಸಹೋದ್ಯೋಗಿಗಳು ಇದನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದ್ದು 1953ರಲ್ಲಿ.

ಉಪ್ಪು ಮಿತಿಮೀರಿದಾಗ ಅದನ್ನು ಹೊರಗೆಡಹುವ ಹಾರ್ಮೋನಿನ ಸುಳಿವು ಸಿಕ್ಕಲು ಮತ್ತೆ 28 ವರ್ಷಗಳೇ ಬೇಕಾದವು. 1981ರಲ್ಲಿ ಅಡಾಲ್ಫೊ ಡಿ ಬೋಲ್ಡ್ ಮತ್ತು ಸಂಗಡಿಗರು ಇಲಿಯ ಹೃತ್ಕರ್ಣದ ಸಾರವನ್ನು ಇತರ ಇಲಿಗಳಿಗೆ ಚುಚ್ಚಿದಾಗ, ಅವುಗಳ ಮೂತ್ರದಲ್ಲಿ ಸೋಡಿಯಂ ಒಮ್ಮೆಲೇ ಯಥೇಚ್ಛವಾಗಿ ಹರಿಯಿತು. ರಕ್ತವನ್ನು ನೂಕುವ ಯಂತ್ರಮಾತ್ರವೆಂದು ಶತಮಾನಗಳಿಂದ ಎಣಿಸಲ್ಪಟ್ಟಿದ್ದ ಹೃದಯವನ್ನು ಅಂದಿನಿಂದ ಗ್ರಂಥಿಗಳ ಪಂಕ್ತಿಯಲ್ಲಿಯೂ ಕೂರಿಸಬೇಕಾಯಿತು.